ಲಿಪೆಡೀಮಾದಿಂದ, ಅಂದರೆ ಕೊಬ್ಬು ಸೇರಿ ನೋಯುವ ಕಾಯಿಲೆಯಿಂದ, ದಪ್ಪವಾದ ಕಾಲುಗಳಿಗೆ ಲೈಪೋಸಕ್ಷನ್ (ಕೊಳವೆಯಿಂದ ಕೊಬ್ಬು ಹೀರುವುದು) ಸೂಚಿಸಿದ್ದಾರೆ, ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಹೇಮಾವತಿ ತೀರ
ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಸಕಲೇಶಪುರ ತಾಲ್ಲೂಕಿನ ಒಂದು ಸಣ್ಣ ಕಾಫಿ ತೋಟದ ಮನೆಯವಳು. ಮೈನೆರೆದ ವರ್ಷದಿಂದಲೇ ಸೊಂಟದ ಕೆಳಗೆ ದಪ್ಪವಾಗತೊಡಗಿದ ಕಾಲುಗಳು ಎರಡು ಹೆರಿಗೆಗಳ ನಂತರ ಮತ್ತಷ್ಟು ತುಂಬಿಕೊಂಡವು. ರವಿಕೆಯ ಅಳತೆ ತೆಗೆದುಕೊಳ್ಳುವಾಗ ನನ್ನನ್ನು ಸಣಕಲು ಎನ್ನುವ ದರ್ಜಿ, ಚೂಡಿದಾರದ ಪ್ಯಾಂಟಿಗೆ ಅಳೆಯುವಾಗ ಟೇಪನ್ನು ಎರಡು ಸಲ ಹಿಡಿದು ನೋಡುತ್ತಾಳೆ. ನೋಟದ ಮಾತು ಹಾಗಿರಲಿ, ಅದನ್ನು ಸೀರೆಯಲ್ಲಿ ಇಪ್ಪತ್ತು ವರ್ಷ ಮುಚ್ಚಿಕೊಂಡು ಬಂದಿದ್ದೇನೆ. ಮುಚ್ಚಿಕೊಳ್ಳಲಾಗದಿರುವುದು ನೋವು. ಚಿಕ್ಕ ಮಗ ಆಡುತ್ತಾ ಬಂದು ತೊಡೆಗೆ ಒರಗಿದರೂ ಜೀವ ಹಿಂಡಿದಂತಾಗುತ್ತದೆ. ಎಲ್ಲಿ ತಾಗಿತೆಂಬ ನೆನಪೇ ಇಲ್ಲದಿದ್ದರೂ ಬೆಳಗ್ಗೆ ಎದ್ದು ನೋಡಿದರೆ ನೀಲಿಗಟ್ಟಿರುತ್ತದೆ. ಕಳೆದ ವರ್ಷ ಹಾಸನಾಂಬೆಯ ದರ್ಶನಕ್ಕೆ ಐದು ಗಂಟೆ ಸಾಲಿನಲ್ಲಿ ನಿಂತು ಬಂದವಳು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಮಳೆಗಾಲದಲ್ಲಿ ಇಂಬಳಕ್ಕೆ ಹೆದರಿ ಎಲ್ಲರೂ ಗಂಬೂಟು ಹಾಕಿಕೊಂಡು ತೋಟಕ್ಕೆ ಇಳಿದರೆ, ನನ್ನ ಮೀನಖಂಡ ಆ ಬೂಟಿನೊಳಗೆ ಇಳಿಯುವುದೇ ಇಲ್ಲ.

ಮೊದಲು ತೋರಿಸಿದ ವೈದ್ಯರು ತೂಕ ಇಳಿಸಿ ಎಂದರು. ಹನ್ನೊಂದು ಕಿಲೋ ಇಳಿಸಿದೆ, ಇಳಿದದ್ದು ಮುಖ, ಎದೆ ಮತ್ತು ಹೊಟ್ಟೆ ಮಾತ್ರ. ಇನ್ನೊಬ್ಬರು ವೇರಿಕೋಸ್ ಎಂದರು. ಮತ್ತೊಬ್ಬರು ಆನೆಕಾಲು ರೋಗದ ಅನುಮಾನದಿಂದ ರಾತ್ರಿ ಹತ್ತರ ಮೇಲೆ ರಕ್ತ ತೆಗೆಸಿದರು, ಅದರಲ್ಲೇನೂ ಸಿಗಲಿಲ್ಲ. ಕೊನೆಗೆ ಬೆಂಗಳೂರಿನ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದು ಲಿಪೆಡೀಮಾ, ಎರಡನೆಯ ಹಂತ, ಮೂರು ಸಲವಾಗಿ ಲೈಪೋಸಕ್ಷನ್ ಮಾಡಿದರೆ ನೋವು ತಗ್ಗುತ್ತದೆ ಎಂದು ಹೇಳಿ, ಒಟ್ಟು ಆರು ಲಕ್ಷ ರೂಪಾಯಿಯ ಅಂದಾಜು ಕೊಟ್ಟಿದ್ದಾರೆ. ಮನೆಯಲ್ಲಿ ಇದನ್ನು ಸೊಗಸಿನ ಖರ್ಚು ಎಂದು ತಿಳಿದಿದ್ದಾರೆ. ನನಗೆ ಭಯವೂ ಇದೆ, ಆಸೆಯೂ ಇದೆ. ಅನುಭವ ಉಳ್ಳವರು ದಯವಿಟ್ಟು ಮುಚ್ಚುಮರೆ ಇಲ್ಲದೆ ಬರೆಯಿರಿ.

ಅರಸೀಕೆರೆ ತೆಂಗು
ಅಕ್ಕ, ಬೇಸರ ಮಾಡಿಕೊಳ್ಳಬೇಡಿ. ಆರು ಲಕ್ಷ ಕೊಟ್ಟು ಕೊಬ್ಬು ಹೀರಿಸಿಕೊಳ್ಳುವ ಬದಲು ಅನ್ನ ಬಿಟ್ಟು ರಾಗಿಗೆ ಬನ್ನಿ, ದಿನಕ್ಕೆ ಎಂಟು ಕಿಲೋಮೀಟರ್ ನಡೆಯಿರಿ. ನಮ್ಮ ಅಜ್ಜಿಯರಿಗೆ ಇಂಥ ಕಾಯಿಲೆಯ ಹೆಸರೇ ಗೊತ್ತಿರಲಿಲ್ಲ.

ಯಗಚಿ
ಹನ್ನೊಂದು ಕಿಲೋ ಇಳಿಸಿದರೂ ಕಾಲು ಇಳಿಯಲಿಲ್ಲ ಎಂದು ಅವರು ಬರೆದಿರುವುದನ್ನು ಓದಿದಿರಾ, ಅಥವಾ ಶೀರ್ಷಿಕೆ ನೋಡಿಯೇ ಉತ್ತರ ಬರೆದಿರಾ? ನಿಮ್ಮ ಅಜ್ಜಿಗೆ ಹೆಸರು ಗೊತ್ತಿರಲಿಲ್ಲ, ನೋವು ಗೊತ್ತಿತ್ತು. ನಮ್ಮ ದೊಡ್ಡಮ್ಮನನ್ನು ಊರಿನವರೆಲ್ಲ ಕಂಬದ ಕಾಲಿನವಳು ಎಂದೇ ಕರೆಯುತ್ತಿದ್ದರು. ಆಕೆ ಗದ್ದೆಯಲ್ಲಿ ನಾಟಿ ಮಾಡಿಕೊಂಡು, ದಿನಕ್ಕೆ ಒಂದೂವರೆ ಮುದ್ದೆ ಉಂಡು ಬದುಕಿದವರು, ಸೋಮಾರಿಯಲ್ಲ.

ಹಾಸನದ ಫಿಸಿಯೋ
ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ ಮೇಲೆ ಕೈ ಊದಿಕೊಂಡವರಿಗೆ ಬ್ಯಾಂಡೇಜು ಸುತ್ತುವುದು ನನ್ನ ಮುಖ್ಯ ಕೆಲಸ, ಹಾಗಾಗಿ ಲಿಪೆಡೀಮಾದವರೂ ದಾರಿ ತಪ್ಪಿ ನನ್ನ ಬಳಿಗೆ ಬರುತ್ತಾರೆ. ಈ ಕಾಯಿಲೆ ಹೊಸದಲ್ಲ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಅಲೆನ್ ಮತ್ತು ಹೈನ್ಸ್ ಎಂಬ ಇಬ್ಬರು ವೈದ್ಯರು 1940ರಲ್ಲಿಯೇ ಇದನ್ನು ವಿವರಿಸಿದ್ದರು. ಬರುವುದು ಬಹುಪಾಲು ಹೆಂಗಸರಿಗೆ ಮಾತ್ರ, ಅದೂ ಮೈನೆರೆಯುವಾಗ, ಬಸಿರಿನಲ್ಲಿ ಅಥವಾ ಮುಟ್ಟು ನಿಲ್ಲುವ ಹೊತ್ತಿಗೆ. ಒಂದೇ ಮನೆಯ ತಾಯಿ, ಚಿಕ್ಕಮ್ಮ, ಮಗಳಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ. ಎರಡೂ ಕಾಲು ಸಮನಾಗಿ ದಪ್ಪವಾಗುತ್ತವೆ, ಪಾದಕ್ಕೆ ಮಾತ್ರ ಏನೂ ಆಗುವುದಿಲ್ಲ, ಆದ್ದರಿಂದ ಪಾದದ ಗಂಟಿನ ಮೇಲೆ ಬಳೆ ತೊಡಿಸಿದಂತೆ ಒಂದು ಅಂಚು ಎದ್ದು ಕಾಣುತ್ತದೆ. ಆನೆಕಾಲಿನಲ್ಲಿ ಸಾಮಾನ್ಯವಾಗಿ ಒಂದು ಕಾಲು ಇನ್ನೊಂದಕ್ಕಿಂತ ಹೆಚ್ಚು ಊದಿರುತ್ತದೆ, ಪಾದವೂ ಊದುತ್ತದೆ.

ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಹೆಬ್ಬೆರಳಿನ ಪಕ್ಕದ ಕಾಲ್ಬೆರಳ ಬುಡದಲ್ಲಿ ಚರ್ಮವನ್ನು ಚಿವುಟಿ ಎತ್ತಿ ನೋಡಿ. ಸುಲಭವಾಗಿ ಮಡಿಕೆಯಾಗಿ ಎದ್ದು ಬಂದರೆ ಲಿಪೆಡೀಮಾದ ಕಡೆಗೆ ವಾಲುತ್ತದೆ. ಚರ್ಮ ದಪ್ಪವಾಗಿ ಎತ್ತಲು ಬಾರದಿದ್ದರೆ ದುಗ್ಧರಸ ಎಂಬ ದೇಹದ ದ್ರವ ಕಟ್ಟಿಕೊಂಡಿರುವ ಲಿಂಫೆಡೀಮಾ ಎಂದು ಅನುಮಾನಿಸಬೇಕು. ಇದಕ್ಕೆ ಸ್ಟೆಮ್ಮರ್ ಪರೀಕ್ಷೆ ಎನ್ನುತ್ತಾರೆ. ಇದೊಂದರಿಂದಲೇ ರೋಗ ತೀರ್ಮಾನವಾಗುವುದಿಲ್ಲ; ಆದರೂ ಲೈಪೋಸಕ್ಷನ್ ಮಾತು ಎತ್ತುವ ಮೊದಲು ಯಾರಾದರೂ ನಿಮ್ಮ ಕಾಲ್ಬೆರಳನ್ನು ಮುಟ್ಟಿ ನೋಡಿದ್ದಾರೆಯೇ ಎಂಬುದು ನನಗೆ ಮುಖ್ಯವಾದ ಪ್ರಶ್ನೆ.

ಹೇಮಾವತಿ ತೀರ
ಈಗಲೇ ಚಿವುಟಿ ನೋಡಿದೆ, ಸುಲಭವಾಗಿ ಎದ್ದು ಬರುತ್ತದೆ. ಬೆಂಗಳೂರಿನ ವೈದ್ಯರೂ ಇದನ್ನೇ ಮಾಡಿದ್ದರು, ಏಕೆಂದು ನನಗೆ ಆಗ ತಿಳಿದಿರಲಿಲ್ಲ.

ಮುಳ್ಳಯ್ಯನಗಿರಿ
ಮೇಡಂ, 2022ರ ಮೇ ತಿಂಗಳನ್ನು ಮರೆತಿರಾ? ಕನ್ನಡ ಧಾರಾವಾಹಿಯ ಒಬ್ಬ ಎಳೆಯ ನಟಿ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡ ಸುದ್ದಿಯನ್ನು ಎಲ್ಲ ಚಾನೆಲ್‌ಗಳಲ್ಲಿಯೂ ನೋಡಿದ್ದೇವೆ. ಇಪ್ಪತ್ತೊಂದು ವರ್ಷದ ಆರೋಗ್ಯವಂತ ಹುಡುಗಿಗೇ ಹಾಗಾಯಿತು. ಮಕ್ಕಳೊಂದಿಗೆ ಇರುವ ತಾಯಿ ಈ ಸಾಹಸಕ್ಕೆ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಗಚಿ
ಆ ಸಾವು ಎಲ್ಲರಿಗೂ ನೆನಪಿದೆ. ಆದರೆ ಆಕೆ ನೋವಿಗಾಗಿ ಹೋದವರಲ್ಲ, ಲಿಪೆಡೀಮಾದವರೂ ಅಲ್ಲ. ಒಂದು ಸಾವನ್ನು ಮುಂದಿಟ್ಟು ಒಂದು ಚಿಕಿತ್ಸೆಯನ್ನೇ ಅಳಿಸಿಹಾಕುವುದಾದರೆ ಹೆರಿಗೆಯ ಸಿಸೇರಿಯನ್ನನ್ನೂ ನಿಲ್ಲಿಸಬೇಕಾಗುತ್ತದೆ.

ಮುಳ್ಳಯ್ಯನಗಿರಿ
ಸಿಸೇರಿಯನ್ ಮಾಡದಿದ್ದರೆ ತಾಯಿ ಮಗು ಹೋಗುತ್ತಾರೆ. ಲೈಪೋಸಕ್ಷನ್ ಮಾಡದಿದ್ದರೆ ಯಾರೂ ಸಾಯುವುದಿಲ್ಲ. ಹೋಲಿಕೆ ಸರಿಯಿಲ್ಲ.

ಹಾಸನದ ಫಿಸಿಯೋ
ಹೋಲಿಕೆ ಸರಿಯಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮೂರನೆಯ ಹಂತಕ್ಕೆ ಹೋದವರು ತೊಡೆಯ ಒಳಭಾಗದ ಮಡಿಕೆಗಳಿಂದಾಗಿ ಕಾಲನ್ನು ಅಗಲಿಸಿ ನಡೆದು ನಡೆದು ಮಂಡಿಯನ್ನು ಕೆಡಿಸಿಕೊಳ್ಳುತ್ತಾರೆ, ಮಡಿಕೆಗಳಲ್ಲಿ ಹುಣ್ಣಾಗುತ್ತದೆ, ಕೆಲವರಿಗೆ ಅದರ ಮೇಲೆ ಲಿಂಫೆಡೀಮಾವೂ ಸೇರಿಕೊಳ್ಳುತ್ತದೆ. ಸಾಯುವುದಿಲ್ಲ ಎಂಬ ಒಂದೇ ಅಳತೆಗೋಲಿನಿಂದ ಇದನ್ನು ಅಳೆಯಲಾಗದು.

ಮೂಡಿಗೆರೆ ಸೊಸೆ
ನಾನು ಮಾಡಿಸಿಕೊಂಡವಳು, ನಾಲ್ಕು ವರ್ಷವಾಯಿತು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ನನ್ನದೂ ಎರಡನೆಯ ಹಂತವೇ ಆಗಿತ್ತು. ಮೊದಲ ಸಲ ಮೀನಖಂಡ, ನಾಲ್ಕು ತಿಂಗಳ ನಂತರ ತೊಡೆಯ ಹೊರಭಾಗ, ಇನ್ನೂ ಐದು ತಿಂಗಳ ನಂತರ ಒಳತೊಡೆ ಮತ್ತು ಮಂಡಿಯ ಸುತ್ತ. ಅರಿವಳಿಕೆಯ ಔಷಧ ಬೆರೆಸಿದ ಉಪ್ಪುನೀರನ್ನು ಲೀಟರ್‌ಗಟ್ಟಲೆ ಚರ್ಮದ ಅಡಿಗೆ ತುಂಬಿಸಿ, ಕೊಬ್ಬು ನೆನೆದು ಉಬ್ಬಿದ ಮೇಲೆ ಸಪುರವಾದ ಕೊಳವೆಯಿಂದ ಹೀರುತ್ತಾರೆ. ನನಗೆ ಮಂಪರು ಇತ್ತು, ಪೂರ್ತಿ ಪ್ರಜ್ಞೆ ತಪ್ಪಿಸಿರಲಿಲ್ಲ. ಕೊಳವೆಯನ್ನು ಕಾಲಿನ ಉದ್ದಕ್ಕೆ ಮಾತ್ರ ಆಡಿಸುತ್ತೇವೆ, ಅಡ್ಡಡ್ಡ ಆಡಿಸುವುದಿಲ್ಲ, ಏಕೆಂದರೆ ದುಗ್ಧನಾಳಗಳು ಉದ್ದಕ್ಕೆ ಹರಿಯುತ್ತವೆ ಎಂದು ಸರ್ಜನ್ ಮೊದಲೇ ಚಿತ್ರ ಬರೆದು ತೋರಿಸಿದ್ದರು. ಆ ಚಿತ್ರ ಬರೆದ ಕಾರಣಕ್ಕೇ ನಾನು ಅವರನ್ನು ಆರಿಸಿಕೊಂಡೆ ಎಂದರೂ ತಪ್ಪಿಲ್ಲ. ಅದಕ್ಕೂ ಮೊದಲು ನೋಡಿದವರು ಚಿಕಿತ್ಸೆಯ ಮೊದಲು ಮತ್ತು ನಂತರದ ಫೋಟೋಗಳ ಆಲ್ಬಂ ತೋರಿಸಿದ್ದರು.

ಮೊದಲ ಎರಡು ದಿನ ತೂತುಗಳಿಂದ ಗುಲಾಬಿ ಬಣ್ಣದ ನೀರು ಸೋರುತ್ತಲೇ ಇತ್ತು, ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿಕೊಂಡು ಮಲಗಿದ್ದೆ. ತೊಡೆಗಳು ನೇರಳೆಹಣ್ಣಿನಂತೆ ಕಪ್ಪಾಗಿದ್ದವು. ಆರು ವಾರ ಹಗಲೂ ರಾತ್ರಿ ಬಿಗಿ ಉಡುಪು. ನಮ್ಮಲ್ಲಿ ರೋಬಸ್ಟಾ ಹಣ್ಣು ಕುಯ್ಯುವ ಸಮಯ, ಕಣದಲ್ಲಿ ಕಾಫಿ ಒಣಗಲು ಹರವಿದ್ದರು. ನಾನು ಜಗಲಿಯಲ್ಲಿ ಕುಳಿತು ಲೆಕ್ಕ ಬರೆಯುವುದಕ್ಕಷ್ಟೇ ಒದಗಿದೆ. ಒಳತೊಡೆಯಲ್ಲಿ ಒಂದು ಅಂಗೈಯಷ್ಟು ಜಾಗ ಈಗಲೂ ಜೋಮು ಹಿಡಿದಂತೆಯೇ ಇದೆ. ಎಡ ತೊಡೆಯಲ್ಲಿ ಸ್ವಲ್ಪ ಉಬ್ಬುತಗ್ಗು ಉಳಿದಿದೆ, ಮಂಡಿಯ ಮೇಲೆ ಚರ್ಮ ಜೋತಿದೆ.

ಲಾಭವೇನೆಂದರೆ, ಮುಟ್ಟಿದರೆ ನೋಯುವುದು ಮೊದಲಿನ ನಾಲ್ಕರಲ್ಲಿ ಒಂದು ಪಾಲಿಗೆ ಇಳಿದಿದೆ, ಹೇಗೆಂದರೆ ಹಾಗೆ ನೀಲಿಗಟ್ಟುವುದು ಬಹಳ ಕಡಿಮೆಯಾಗಿದೆ. ಸಂಜೆಯ ಹೊತ್ತಿಗೆ ಕಾಲಿಗೆ ಸೀಸ ತುಂಬಿದಂತೆ ಆಗುತ್ತಿದ್ದುದು ಹೋಗಿದೆ. ದೇವೀರಮ್ಮನ ಬೆಟ್ಟವನ್ನು ಎರಡು ವರ್ಷದಿಂದ ದೀಪಾವಳಿಗೆ ಹತ್ತುತ್ತಿದ್ದೇನೆ. ಬಿಗಿ ಕಾಲುಚೀಲವನ್ನು ಪೂರ್ತಿ ಬಿಟ್ಟಿಲ್ಲ, ಬಸ್ ಪ್ರಯಾಣ ಮತ್ತು ಮದುವೆ ಮನೆಯ ದಿನಗಳಲ್ಲಿ ಹಾಕುತ್ತೇನೆ. ಕಾಯಿಲೆ ಗುಣವಾಯಿತೆಂದು ನಾನು ಹೇಳುವುದಿಲ್ಲ, ಅದು ಒಂದು ಮೆಟ್ಟಿಲು ಹಿಂದಕ್ಕೆ ಸರಿದಿದೆ.

ಬೇಲೂರಿನವಳು
ಮೂಡಿಗೆರೆಯ ಅಕ್ಕನಿಗೆ ಒಳ್ಳೆಯದಾಯಿತು ಎಂದು ಸಂತೋಷಪಡುತ್ತೇನೆ, ಆದರೆ ನನ್ನ ಕಥೆಯೂ ಇಲ್ಲಿ ಇರಬೇಕು. ದೊಡ್ಡ ಊರಿನ ಒಂದು ಸೌಂದರ್ಯ ಚಿಕಿತ್ಸಾಲಯದಲ್ಲಿ, ಹೆಸರು ಬರೆಯುವುದಿಲ್ಲ, ರಿಯಾಯಿತಿ ದರದಲ್ಲಿ ಎರಡೂ ಕಾಲುಗಳನ್ನು ಒಂದೇ ದಿನ ಮಾಡಿದರು. ಎಷ್ಟು ಲೀಟರ್ ತೆಗೆದರೆಂಬುದು ಡಿಸ್‌ಚಾರ್ಜ್ ಚೀಟಿಯಲ್ಲಿ ಇರಲಿಲ್ಲ. ಬಿಗಿ ಉಡುಪನ್ನು ಎರಡು ವಾರ ಸಾಕು ಎಂದರು. ಮೂರನೆಯ ವಾರದಲ್ಲಿ ಬಲ ತೊಡೆಯೊಳಗೆ ನೀರು ಕಟ್ಟಿಕೊಂಡು ನೀರು ತುಂಬಿದ ಚೀಲದಂತೆ ಅಲುಗಾಡತೊಡಗಿತು. ಬೇರೆ ಕಡೆ ಸೂಜಿ ಹಾಕಿ ನಾಲ್ಕು ಸಲ ತೆಗೆಸಬೇಕಾಯಿತು. ಈಗ ಆ ಕಾಲಿನ ಪಾದವೂ ಸಂಜೆಗೆ ಊದುತ್ತದೆ, ಅದು ಮೊದಲು ಎಂದೂ ಊದಿರಲಿಲ್ಲ. ಮೊದಲು ನನಗಿದ್ದದ್ದು ಒಂದು ಕಾಯಿಲೆ, ಈಗ ಎರಡು. ಮನೆಯವರು ಹೇಳಿ ಹೇಳಿ ಚುಚ್ಚುವುದನ್ನು ಮೂರನೆಯದೆಂದು ಲೆಕ್ಕ ಹಿಡಿಯಬಹುದು.

ಮೂಡಿಗೆರೆ ಸೊಸೆ
ಇದನ್ನು ಓದಿ ಮನಸ್ಸಿಗೆ ಬಹಳ ಕಷ್ಟವಾಯಿತು ತಂಗಿ. ಪಾದ ಊದುವುದಕ್ಕೆ ಯಾರ ಬಳಿಯಾದರೂ ತೋರಿಸುತ್ತಿದ್ದೀಯಾ?

ಬೇಲೂರಿನವಳು
ಬ್ಯಾಂಡೇಜು ಸುತ್ತಿಸಿಕೊಳ್ಳುತ್ತಿದ್ದೇನೆ ಅಕ್ಕ, ಸ್ವಲ್ಪ ಹಿಡಿತಕ್ಕೆ ಬಂದಿದೆ.

ಅರಸೀಕೆರೆ ತೆಂಗು
ನಾನು ಮೊದಲೇ ಹೇಳಿದೆ, ಯಾರೂ ಕೇಳಲಿಲ್ಲ.

ಯಗಚಿ
ನೀವು ಹೇಳಿದ್ದು ರಾಗಿ ತಿನ್ನಿ ಎಂದು. ಬೇಲೂರಿನವರು ಹೇಳುತ್ತಿರುವುದು ಬೇರೆ ವಿಷಯ.

ಆಪರೇಷನ್ ಥಿಯೇಟರ್ ಸಿಸ್ಟರ್
ಅರಿವಳಿಕೆ ವಿಭಾಗದಲ್ಲಿ ಹದಿನೇಳು ವರ್ಷ ಕೆಲಸ ಮಾಡಿರುವ ನರ್ಸ್ ನಾನು. ಇಲ್ಲಿ ಯಾರೂ ಎತ್ತದ ಒಂದು ಅಪಾಯದ ಬಗ್ಗೆ ಬರೆಯುತ್ತೇನೆ. ಕೊಬ್ಬನ್ನು ನೆನೆಸುವ ಆ ಉಪ್ಪುನೀರಿನಲ್ಲಿ ಲಿಡೊಕೇನ್ ಮತ್ತು ಅಡ್ರಿನಲಿನ್ ಇರುತ್ತವೆ. ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸಿ ರಕ್ತಸ್ರಾವವನ್ನು ಕಡಿಮೆ ಮಾಡುತ್ತದೆ, ಲಿಡೊಕೇನ್ ನೋವನ್ನು ತಡೆಯುತ್ತದೆ. ಕ್ಯಾಲಿಫೋರ್ನಿಯಾದ ಚರ್ಮರೋಗ ತಜ್ಞ ಜೆಫ್ರಿ ಕ್ಲೈನ್ 1987ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ಮೇಲೆ ಲೈಪೋಸಕ್ಷನ್ ಮೊದಲಿಗಿಂತ ಬಹಳ ಸುರಕ್ಷಿತವಾಯಿತು ಎಂಬುದು ನಿಜ. ಸಣ್ಣಪುಟ್ಟ ಹೊಲಿಗೆಗೆ ಅಡ್ರಿನಲಿನ್ ಜೊತೆ ಲಿಡೊಕೇನ್ ಕೊಡುವಾಗ ದೇಹದ ತೂಕದ ಕಿಲೋ ಒಂದಕ್ಕೆ 7 ಮಿಲಿಗ್ರಾಂ ಮೀರಬಾರದು ಎನ್ನುತ್ತೇವೆ. ಈ ವಿಧಾನದಲ್ಲಿ ಕಿಲೋಗೆ 35 ಮಿಲಿಗ್ರಾಂವರೆಗೆ ಹೋಗುತ್ತಾರೆ, ಕೆಲವು ಮಾರ್ಗಸೂಚಿಗಳು 55ರವರೆಗೂ ಒಪ್ಪುತ್ತವೆ. ಎಪ್ಪತ್ತು ಕಿಲೋ ತೂಕದ ಹೆಂಗಸಿಗೆ 35ರ ಲೆಕ್ಕದಲ್ಲಿ 2,450 ಮಿಲಿಗ್ರಾಂ ಆಯಿತು. ಔಷಧ ಕೊಬ್ಬಿನಿಂದ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ ಎಂಬ ಕಾರಣಕ್ಕೆ ಇಷ್ಟು ಕೊಡಲು ಸಾಧ್ಯ.

ಆ ನಿಧಾನವೇ ನಮ್ಮ ಜಿಲ್ಲೆಯವರಿಗೆ ತೊಂದರೆಯಾಗುವುದು. ರಕ್ತದಲ್ಲಿ ಅದರ ಪ್ರಮಾಣ ಗರಿಷ್ಠಕ್ಕೆ ಏರುವುದು ಸುಮಾರು 10ರಿಂದ 14 ಗಂಟೆಗಳ ನಂತರ. ಬೆಳಗ್ಗೆ ಒಂಬತ್ತಕ್ಕೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸಂಜೆ ಚೆನ್ನಾಗಿಯೇ ಇದ್ದೇನೆಂದು ಕಾರು ಹತ್ತಿದರೆ, ಆ ಗರಿಷ್ಠ ಮಟ್ಟ ನಿಮಗೆ ಚನ್ನರಾಯಪಟ್ಟಣದ ಆಸುಪಾಸಿನಲ್ಲಿ, ರಾತ್ರಿಯ ಹೆದ್ದಾರಿಯ ಮೇಲೆ ಸಿಗುತ್ತದೆ. ಬಾಯಿಯ ಸುತ್ತ ಜುಮುಜುಮು, ನಾಲಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವುದು ಮೊದಲ ಲಕ್ಷಣಗಳು. ಮುಂದುವರಿದರೆ ಅಪಸ್ಮಾರದಂತೆ ಸೆಳೆತ ಬರಬಹುದು, ಹೃದಯದ ಬಡಿತ ತಪ್ಪಬಹುದು. ಇದಕ್ಕೆ ಪ್ರತಿಮದ್ದಾಗಿ ಕೊಡುವುದು ರಕ್ತನಾಳಕ್ಕೆ ಹಾಕುವ ಕೊಬ್ಬಿನ ದ್ರಾವಣವನ್ನೇ ಎಂಬುದು ಒಂದು ವಿಚಿತ್ರ. ಕೊಬ್ಬು ತೆಗೆಸಲು ಹೋದವರಿಗೆ ಕೊಬ್ಬು ತುಂಬಿಸಿ ಉಳಿಸುವುದು! ಅದು ಹೆದ್ದಾರಿಯ ಪಕ್ಕದ ಔಷಧ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಇನ್ನೂ ಒಂದು ಮಾತು. ಮಳೆಗಾಲದಲ್ಲಿ ತೊಡೆಸಂದಿಯ ಹುಳುಕಡ್ಡಿಗೆ ನಮ್ಮ ಮಲೆನಾಡಿನಲ್ಲಿ ಅರ್ಧ ಜನ ಇಟ್ರಾಕೊನಜೋಲ್ ಮಾತ್ರೆ ನುಂಗುತ್ತಿರುತ್ತಾರೆ. ಅದೂ ಎರಿತ್ರೋಮೈಸಿನ್‌ನಂಥ ಕೆಲವು ಆ್ಯಂಟಿಬಯಾಟಿಕ್‌ಗಳೂ ಯಕೃತ್ತು ಲಿಡೊಕೇನನ್ನು ಕರಗಿಸುವ ವೇಗವನ್ನು ತಗ್ಗಿಸಬಲ್ಲವು. ಚರ್ಮದ ಮಾತ್ರೆ ತಾನೇ ಎಂದು ಸುಮ್ಮನಿರದೆ, ನುಂಗುವುದೆಲ್ಲವನ್ನೂ ಅರಿವಳಿಕೆ ವೈದ್ಯರ ಮುಂದೆ ಇಡಬೇಕು.

ಹೇಮಾವತಿ ತೀರ
ಸಿಸ್ಟರ್, ನನಗೆ ಕೊಟ್ಟಿರುವ ಅಂದಾಜು ಪಟ್ಟಿಯಲ್ಲಿ ಅದೇ ದಿನ ಮನೆಗೆ ಕಳಿಸುವುದಾಗಿ ಬರೆದಿದ್ದಾರೆ.

ಆಪರೇಷನ್ ಥಿಯೇಟರ್ ಸಿಸ್ಟರ್
ಹಾಗಾದರೆ ಎಷ್ಟು ಲೀಟರ್ ತೆಗೆಯುತ್ತಾರೆಂದು ಕೇಳಿ. ಒಟ್ಟು ಹೀರಿದ್ದು ಐದು ಲೀಟರ್ ಮೀರಿದರೆ ಅದನ್ನು ದೊಡ್ಡ ಪ್ರಮಾಣ ಎಂದು ಪರಿಗಣಿಸಿ, ರಾತ್ರಿಯಿಡೀ ಆಸ್ಪತ್ರೆಯಲ್ಲಿಟ್ಟು ನೋಡಿಕೊಳ್ಳಬೇಕು ಎನ್ನುವುದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘದ ಸಲಹೆ. ಐದಕ್ಕಿಂತ ಕಡಿಮೆಯಾದರೂ ನಿಮ್ಮ ಊರಿನ ದೂರಕ್ಕೆ ಒಂದು ರಾತ್ರಿ ಅಲ್ಲೇ ಇರುವುದು ಒಳಿತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಇರುವುದರಿಂದ ನಾಲ್ಕು ಗಂಟೆ ಮಂಡಿ ಮಡಚಿ ಕುಳಿತು ಪ್ರಯಾಣಿಸುವುದು ಯಾವ ಲೆಕ್ಕದಲ್ಲೂ ಬೇಡ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಹೀಗೆ ಹೆಪ್ಪುಗಟ್ಟಿದ್ದರೆ ಮೊದಲೇ ಹೇಳಿ. ಹಿಮೋಗ್ಲೋಬಿನ್ ನೋಡಿಸಿದ್ದೀರಾ?

ಹೇಮಾವತಿ ತೀರ
9.4 ಇದೆ.

ಆಪರೇಷನ್ ಥಿಯೇಟರ್ ಸಿಸ್ಟರ್
ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಅವಸರದ ಶಸ್ತ್ರಚಿಕಿತ್ಸೆಯಲ್ಲದ ಇಂಥ ಕೆಲಸಕ್ಕೆ ಆ ಅಂಕಿಯಲ್ಲಿ ಯಾರಾದರೂ ಕೈಹಾಕುತ್ತೇನೆಂದರೆ ಅವರ ಬಗ್ಗೆ ನನಗೆ ಅನುಮಾನ ಬರುತ್ತದೆ.

ಲೆಕ್ಕದ ಮೇಷ್ಟ್ರು
ನಾನು ವೈದ್ಯನಲ್ಲ, ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಪತ್ನಿಗೆ ಈ ಕಾಯಿಲೆ ಇರುವುದರಿಂದ ಇದರ ಅಧ್ಯಯನಗಳನ್ನು ಓದಿದ್ದೇನೆ. 2012ರಲ್ಲಿ ಜರ್ಮನಿಯ ತಂಡವೊಂದು 112 ಹೆಂಗಸರನ್ನು ಸರಾಸರಿ ಮೂರು ವರ್ಷ ಎಂಟು ತಿಂಗಳ ನಂತರ ವಿಚಾರಿಸಿ ಬರೆಯಿತು. ಒಬ್ಬೊಬ್ಬರಿಂದ ಎಲ್ಲ ಸಲವೂ ಸೇರಿ ಸರಾಸರಿ ತೆಗೆದದ್ದು 9.8 ಲೀಟರ್. ನೋವು, ಒತ್ತಿದರೆ ನೋಯುವುದು, ನೀಲಿಗಟ್ಟುವುದು ಎಲ್ಲವೂ ಗಣನೀಯವಾಗಿ ತಗ್ಗಿದ್ದವು, ಸೋಂಕು ತಗುಲಿದ ಪ್ರಮಾಣ 1.4 ಶೇಕಡಾ. ಅದೇ ತಂಡ ಆ ರೋಗಿಗಳಲ್ಲಿ 60 ಮಂದಿಯನ್ನು ಹನ್ನೆರಡು ವರ್ಷಗಳ ನಂತರವೂ ಕೇಳಿದಾಗ ಸುಧಾರಣೆ ಉಳಿದಿತ್ತು.

ಇವು ಆಶಾದಾಯಕವೇ. ಆದರೆ ಎರಡರಲ್ಲಿಯೂ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದ ಹೋಲಿಕೆಯ ಗುಂಪು ಇರಲಿಲ್ಲ, ಪ್ರಶ್ನೆ ಕೇಳಿದವರು ಶಸ್ತ್ರಚಿಕಿತ್ಸೆ ಮಾಡಿದವರೇ, ಉತ್ತರ ಕೊಟ್ಟವರು ಸಂಪರ್ಕಕ್ಕೆ ಸಿಕ್ಕವರು ಮಾತ್ರ. ನಮ್ಮ ಬೇಲೂರಿನ ಸಹೋದರಿಯಂಥವರು ಮತ್ತೆ ಅದೇ ಚಿಕಿತ್ಸಾಲಯದ ಪ್ರಶ್ನಾವಳಿಗೆ ಉತ್ತರ ಬರೆದು ಕಳಿಸುತ್ತಾರೆಯೇ ಎಂದು ಯೋಚಿಸಿ. ಚಿಕಿತ್ಸೆಗಳ ಪುರಾವೆ ಪರಿಶೀಲಿಸಿ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಈ ಅನುಮಾನವನ್ನೇ ಮುಂದಿಟ್ಟು, ಸುರಕ್ಷತೆಯ ಪುರಾವೆ ಸಾಲದು, ದೇಹದ ದ್ರವಾಂಶ ಏರುಪೇರಾಗುವುದು, ಕೊಬ್ಬಿನ ಕಣ ರಕ್ತಕ್ಕೆ ಸೇರುವುದು, ರಕ್ತ ಹೆಪ್ಪುಗಟ್ಟುವುದು, ಅರಿವಳಿಕೆಯ ವಿಷವೇರುವುದು ಇಂಥ ಗಂಭೀರ ಅಪಾಯಗಳಿವೆ, ಆದ್ದರಿಂದ ಸಂಶೋಧನೆಯ ಭಾಗವಾಗಿ ಮಾತ್ರ ಮಾಡಬೇಕು ಎಂದು ಹೇಳಿತು.

ಯಗಚಿ
ಜರ್ಮನಿಯಲ್ಲಿ ಸರ್ಕಾರಿ ವಿಮೆಯೇ ಹಣ ಕೊಡುತ್ತದೆ ಎಂದು ಓದಿದ್ದೆ. ಒಂದೇ ಚಿಕಿತ್ಸೆಗೆ ಒಂದು ದೇಶ ಬೇಡ ಎನ್ನುವುದು, ಇನ್ನೊಂದು ದೇಶ ದುಡ್ಡು ಕೊಡುವುದು ಹೇಗೆ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಬ್ರಿಟನ್ ಬೇಡ ಎಂದಿಲ್ಲ, ಇನ್ನೂ ತಿಳಿಯದು ಎಂದಿದೆ. ಜರ್ಮನಿಯಲ್ಲಿ 2020ರಿಂದ ಮೂರನೆಯ ಹಂತದವರಿಗೆ ಮಾತ್ರ ತಾತ್ಕಾಲಿಕವಾಗಿ ವಿಮೆ ಕೊಟ್ಟು, ಅದರ ಜೊತೆಗೇ ಸರಿಯಾದ ಹೋಲಿಕೆಯ ಅಧ್ಯಯನವನ್ನೂ ನಡೆಸಿದರು: ಚೀಟಿ ಎತ್ತಿದಂತೆ ಆರಿಸಿ ಕೆಲವರಿಗೆ ಲೈಪೋಸಕ್ಷನ್, ಉಳಿದವರಿಗೆ ಬಿಗಿ ಉಡುಪು ಮತ್ತು ವ್ಯಾಯಾಮ ಮಾತ್ರ. ಹನ್ನೆರಡು ತಿಂಗಳ ನಂತರ ಕಾಲುನೋವು ತಗ್ಗಿದ್ದು ಲೈಪೋಸಕ್ಷನ್ ಗುಂಪಿನಲ್ಲಿ ಸ್ಪಷ್ಟವಾಗಿ ಹೆಚ್ಚು. ಆ ಫಲಿತಾಂಶದ ಮೇಲೆಯೇ 2025ರ ಜುಲೈನಲ್ಲಿ ಎಲ್ಲ ಹಂತದವರಿಗೂ ವಿಸ್ತರಿಸುವ ತೀರ್ಮಾನವಾಯಿತು. ಆದರೆ ಷರತ್ತುಗಳನ್ನು ಗಮನಿಸಿ. ಮೊದಲು ಆರು ತಿಂಗಳು ಬಿಡದೆ ಬಿಗಿ ಉಡುಪು ಮತ್ತು ವ್ಯಾಯಾಮ ಮಾಡಿಯೂ ನೋವು ತಗ್ಗಿರಬಾರದು, ತೂಕ ಏರುತ್ತಾ ಇರಬಾರದು. ಹನ್ನೆರಡು ತಿಂಗಳ ನೋವು ತಗ್ಗಿದ್ದು ಈಗ ಗಟ್ಟಿ ಪುರಾವೆ. ಇಪ್ಪತ್ತು ವರ್ಷ ಕಾಲುಗಳು ಹಾಗೆಯೇ ಇರುತ್ತವೆ ಎನ್ನುವುದಕ್ಕೆ ಅಂಥ ಗಟ್ಟಿ ಪುರಾವೆ ಇನ್ನೂ ಬಂದಿಲ್ಲ.

ಮುಳ್ಳಯ್ಯನಗಿರಿ
ಜರ್ಮನಿಯ ಆಸ್ಪತ್ರೆಯ ಫಲಿತಾಂಶವನ್ನು ನಮ್ಮ ಬ್ಯೂಟಿ ಕ್ಲಿನಿಕ್ಕುಗಳಿಗೆ ಅಂಟಿಸಬೇಡಿ ಎಂಬುದಷ್ಟೇ ನನ್ನ ವಾದ.

ಹಾಸನದ ಫಿಸಿಯೋ
ಆ ವಾದವನ್ನು ಪೂರ್ತಿ ಒಪ್ಪುತ್ತೇನೆ. ಕರ್ನಾಟಕದಲ್ಲಿ ಯಾವುದೇ ಖಾಸಗಿ ಚಿಕಿತ್ಸಾಲಯ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಡಿ ನೋಂದಣಿಯಾಗಿರಬೇಕು, ಗೋಡೆಯ ಮೇಲಿನ ಆ ಪತ್ರವನ್ನು ಓದಿ. ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಪದವಿ ಇದೆಯೇ, ಅರಿವಳಿಕೆ ವೈದ್ಯರು ಇಡೀ ಹೊತ್ತು ಇರುತ್ತಾರೆಯೇ, ಐಸಿಯು ಆ ಕಟ್ಟಡದಲ್ಲೇ ಇದೆಯೇ ಎಂದು ಕೇಳಲು ಸಂಕೋಚ ಪಡಬೇಡಿ. ಸೊಂಟ ಸಣ್ಣದು ಮಾಡಿದ ಅನುಭವ ಬೇರೆ, ಲಿಪೆಡೀಮಾದ ಕಾಲಿನ ಅನುಭವ ಬೇರೆ.

ತೋಟದ ಗಂಡಸು
ನಾನು ಮೂಡಿಗೆರೆ ಸೊಸೆಯವರ ಯಜಮಾನ, ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ವಿಮೆಯ ವಿಷಯ ಯಾರೂ ಹೇಳಲಿಲ್ಲ. ನಮ್ಮ ಮೊದಲ ಅರ್ಜಿಯನ್ನು ವಿಮಾ ಕಂಪನಿ ಸೌಂದರ್ಯ ಚಿಕಿತ್ಸೆ ಎಂದು ತಳ್ಳಿಹಾಕಿತು. ಪಾಲಿಸಿಗಳಲ್ಲಿ ಸೌಂದರ್ಯ ಹಾಗೂ ಪ್ಲಾಸ್ಟಿಕ್ ಸರ್ಜರಿಯನ್ನು ಹೊರಗಿಡುವ ಒಂದು ಸಿದ್ಧ ಷರತ್ತು ಇರುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನಾರಚನೆ ಅಥವಾ ತಕ್ಷಣದ ನೇರ ಆರೋಗ್ಯ ಅಪಾಯವನ್ನು ತಪ್ಪಿಸಲು ಅಗತ್ಯವೆಂದು ವೈದ್ಯರು ಪ್ರಮಾಣೀಕರಿಸಿದ್ದಕ್ಕೆ ಮಾತ್ರ ವಿನಾಯಿತಿ. ಲಿಪೆಡೀಮಾ ಆ ತಕ್ಷಣ ಎಂಬ ಪದದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗ ವರ್ಗೀಕರಣದಲ್ಲಿ ಈ ಕಾಯಿಲೆಗೆ ತನ್ನದೇ ಸಂಕೇತವಿದೆ ಎಂದು ತೋರಿಸಿ, ಎರಡು ವರ್ಷದ ಬಿಗಿ ಉಡುಪಿನ ಬಿಲ್ಲುಗಳನ್ನೂ ಲಗತ್ತಿಸಿ ಬರೆದೆವು. ಉತ್ತರ ಬದಲಾಗಲಿಲ್ಲ. ಆ ವರ್ಷದ ಮೆಣಸಿನ ಹಣದಲ್ಲಿ ಕಟ್ಟಿದೆವು.

ಇನ್ನೊಂದನ್ನು ಗಂಡಸರಿಗಾಗಿ ಬರೆಯುತ್ತೇನೆ. ನಾನೂ ಮೊದಲು ಇದನ್ನು ಸೊಗಸು ಎಂದೇ ತಿಳಿದಿದ್ದೆ. ಒಂದು ದಿನ ಅಕ್ಕಿ ಮೂಟೆಯ ಅಂಚು ತಾಗಿ ಅವಳು ಕೂಗಿದ ಕೂಗಿಗೆ ಕೆಲಸದ ಆಳುಗಳು ಹಾವು ಕಡಿಯಿತೆಂದು ಓಡಿ ಬಂದರು. ಅಂದಿನಿಂದ ನಾನು ಆ ಪದ ಆಡಿಲ್ಲ.

ಅರಸೀಕೆರೆ ತೆಂಗು
ಹಾವಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆದರೂ ಕೇಳುತ್ತೇನೆ, ತೂಕ ಇಳಿಸುವುದರಿಂದ ಏನೂ ಪ್ರಯೋಜನವಿಲ್ಲವೇ?

ಹಾಸನದ ಫಿಸಿಯೋ
ಇದೆ ಸಾರ್. ಲಿಪೆಡೀಮಾದ ಮೇಲೆ ಬೊಜ್ಜೂ ಸೇರಿದರೆ ನೋವು, ಊತ, ಮಂಡಿಯ ಸವೆತ ಎಲ್ಲವೂ ಹೆಚ್ಚುತ್ತವೆ, ಶಸ್ತ್ರಚಿಕಿತ್ಸೆಯ ಅಪಾಯವೂ ಹೆಚ್ಚುತ್ತದೆ. ತೂಕ ಹಿಡಿತದಲ್ಲಿ ಇಟ್ಟುಕೊಳ್ಳುವುದು ಅಗತ್ಯ. ಅದು ಲಿಪೆಡೀಮಾದ ಕೊಬ್ಬನ್ನು ಕರಗಿಸುತ್ತದೆ ಎಂದು ಹೇಳಿ ಹೆಂಗಸರನ್ನು ಅಪರಾಧಿಗಳ ಹಾಗೆ ನಿಲ್ಲಿಸುವುದು ತಪ್ಪು. ಲೈಪೋಸಕ್ಷನ್ ನಂತರ ತೂಕ ಏರಿದರೂ ಕೊಬ್ಬು ಮತ್ತೆ ಸೇರುತ್ತದೆ, ಎಷ್ಟೋ ಸಲ ಮೊದಲಿಲ್ಲದ ಜಾಗದಲ್ಲಿ. ನಡೆಯುವುದಕ್ಕಿಂತ ಎದೆಮಟ್ಟದ ನೀರಿನಲ್ಲಿ ನಡೆಯುವುದು, ಈಜುವುದು ಇವರಿಗೆ ಹಿತ, ಏಕೆಂದರೆ ನೀರಿನ ಒತ್ತಡವೇ ಬಿಗಿ ಉಡುಪಿನ ಕೆಲಸ ಮಾಡುತ್ತದೆ.

ಬೇಲೂರಿನವಳು
ಹೆಂಗಸರು ಈಜಲು ನಮ್ಮ ಕಡೆ ಎಲ್ಲಿಗೆ ಹೋಗಬೇಕು ಮೇಡಂ, ವಿಷ್ಣುಸಮುದ್ರದ ಕೆರೆಗೆ ಇಳಿಯಬೇಕೇ?

ಹಾಸನದ ಫಿಸಿಯೋ
ಕೋಪ ನ್ಯಾಯವಾಗಿಯೇ ಇದೆ. ಅದಿಲ್ಲದಿದ್ದರೆ ಬಿಗಿ ಉಡುಪು ಹಾಕಿಕೊಂಡು ಸೈಕಲ್ ತುಳಿಯುವುದು, ಮನೆಯ ಮೆಟ್ಟಿಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಔಷಧ ಅಂಗಡಿಯಲ್ಲಿ ಸಿಗುವ ಸಾಮಾನ್ಯ ವೇರಿಕೋಸ್ ಕಾಲುಚೀಲ ಇವರಿಗೆ ಸಾಲದು, ಅದು ಮಡಿಕೆಗಳ ನಡುವೆ ಹಗ್ಗದಂತೆ ಸುರುಳಿ ಸುತ್ತಿ ಕೊರೆಯುತ್ತದೆ. ದಪ್ಪ ಹೆಣಿಗೆಯ, ಅಳತೆ ಕೊಟ್ಟು ಮಾಡಿಸಿದ ಚಪ್ಪಟೆ ಹೆಣಿಗೆಯ ಉಡುಪು ಬೇಕು. ಬೆಲೆ ಹೆಚ್ಚು, ಹಾಕಿಕೊಳ್ಳಲು ರಬ್ಬರ್ ಕೈಗವಸು ಬೇಕು, ಬೇಸಿಗೆಯಲ್ಲಿ ಕಷ್ಟ. ಅದನ್ನು ಆರು ತಿಂಗಳು ಹಾಕಲಾಗದವರು ಶಸ್ತ್ರಚಿಕಿತ್ಸೆಯ ನಂತರದ ಆರು ವಾರಗಳನ್ನೂ ಸರಿಯಾಗಿ ದಾಟಲಾರರು ಎಂಬುದು ನನ್ನ ಅನುಭವ.

ಹೇಮಾವತಿ ತೀರ
ಎಲ್ಲರ ಮಾತನ್ನೂ ಅತ್ತೆಯವರಿಗೆ ಓದಿ ಹೇಳಿದೆ. ಹಾವಿನ ಕಥೆಗೆ ಅವರು ಏನೂ ಅನ್ನಲಿಲ್ಲ, ಬೇಲೂರಿನವರ ಕಥೆಗೆ ಅತ್ತರು. ಬೆಂಗಳೂರಿನ ವೈದ್ಯರಿಗೆ ಫೋನು ಮಾಡಿ ಎಷ್ಟು ಲೀಟರ್, ಎಷ್ಟು ಮಿಲಿಗ್ರಾಂ, ರಾತ್ರಿ ಇರಿಸಿಕೊಳ್ಳುತ್ತೀರಾ ಎಂದು ಕೇಳಿದೆ. ಮೊದಲೆರಡಕ್ಕೆ ಅವರು ನೇರವಾಗಿ ಉತ್ತರಿಸಿದರು, ಮೂರನೆಯದಕ್ಕೆ ದೂರದಿಂದ ಬರುವವರನ್ನು ಒಂದು ರಾತ್ರಿ ಇರಿಸಿಕೊಳ್ಳಬಹುದು, ಖರ್ಚು ಬೇರೆ ಎಂದರು. ಹಿಮೋಗ್ಲೋಬಿನ್ 12 ದಾಟಿದ ಮೇಲೆಯೇ ದಿನಾಂಕ ಕೊಡುತ್ತೇನೆ ಎಂದೂ ಹೇಳಿದರು, ಅದು ನನಗೆ ಸಮಾಧಾನ ತಂದಿತು.

ಈಗಿನ ತೀರ್ಮಾನ ಹೀಗಿದೆ. ಕಬ್ಬಿಣದ ಮಾತ್ರೆ ಆರಂಭಿಸಿದ್ದೇನೆ. ಈ ಮಳೆಗಾಲ ಪೂರ್ತಿ ಅಳತೆಯ ಬಿಗಿ ಉಡುಪು ಹಾಕುತ್ತೇನೆ, ಪ್ರತಿದಿನದ ನೋವಿಗೆ ಹತ್ತರಲ್ಲಿ ಎಷ್ಟೆಂದು ತೋಟದ ಮಸ್ಟರ್ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತೇನೆ. ಅಷ್ಟಾಗಿಯೂ ತಗ್ಗದಿದ್ದರೆ ಕುಯ್ಲು ಮುಗಿದ ಮೇಲೆ, ಮಾರ್ಚಿನಲ್ಲಿ, ಮೀನಖಂಡಕ್ಕೆ ಮಾತ್ರ ಒಂದು ಸಲ ಮಾಡಿಸಿಕೊಂಡು ನೋಡುತ್ತೇನೆ. ತೊಡೆಯ ಮಾತು ಅದರ ಫಲ ನೋಡಿದ ನಂತರ. ಫಿಸಿಯೋ ಮೇಡಂ, ಉಡುಪಿನ ಅಳತೆಗೆ ಹಾಸನಕ್ಕೆ ಶನಿವಾರ ಬರಬಹುದೇ?

ಮುಳ್ಳಯ್ಯನಗಿರಿ
ಒಂದು ಸಲಕ್ಕೆ ಮೀನಖಂಡ ಮಾತ್ರ ಎನ್ನುವುದಾದರೆ ನನ್ನ ವಿರೋಧ ಅರ್ಧಕ್ಕೆ ಇಳಿಯಿತು. ಉಳಿದರ್ಧ ಹಾಗೆಯೇ ಇದೆ.

ಹಾಸನದ ಫಿಸಿಯೋ
ಬನ್ನಿ, ಆದರೆ ಬೆಳಗಿನ ಮೊದಲ ಬಸ್ಸಿಗೇ ಬನ್ನಿ. ಮಧ್ಯಾಹ್ನದ ಹೊತ್ತಿಗೆ ಕಾಲು ತುಂಬಿಕೊಂಡರೆ ಅಳತೆ ತಪ್ಪುತ್ತದೆ. ಮನೆಯಲ್ಲಿರುವ ಗಂಬೂಟನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ತನ್ನಿ, ಅದರ ಬಾಯಿಯ ಸುತ್ತಳತೆಯನ್ನೂ ನಿಮ್ಮ ಕಡತದಲ್ಲಿ ಬರೆದಿಡುತ್ತೇನೆ.